ಪಿತ್ತಕೋಶ ಒಳಗೇ ಇದೆ, ಅತ್ತೆಗೆ ಗೊತ್ತಿಲ್ಲ

ಪ್ರಶ್ನೆ: ಸೋಮವಾರಪೇಟೆ ಕಡೆಯವಳು, ವಯಸ್ಸು 36. ಒಬ್ಬ ಮಗ. ಯಜಮಾನರು ಮಿಲಿಟರಿಯಲ್ಲಿದ್ದಾರೆ, ರಜೆ ಸಿಕ್ಕಾಗ ಬರುತ್ತಾರೆ. 108 ಕೆ.ಜಿ. ಇದ್ದೆ, ಸಕ್ಕರೆ ಕಾಯಿಲೆಯೂ ಶುರುವಾಗಿತ್ತು. ಜುಲೈ ಕೊನೆಯಲ್ಲಿ ಮೈಸೂರಿನಲ್ಲಿ ಹೊಟ್ಟೆ ಸಣ್ಣ ಮಾಡುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. ಗೊತ್ತಿರುವುದು ಯಜಮಾನರಿಗೆ ಮಾತ್ರ. ಮನೆಯಲ್ಲಿ ‘ಪಿತ್ತಕೋಶದಲ್ಲಿ ಕಲ್ಲಿತ್ತು, ತೆಗೆಸಿದೆ’ ಎಂದಿದ್ದೇನೆ. ಈಗ 87 ಕೆ.ಜಿ. ಮೂರು ವಾರದಿಂದ ಒಂದು ಗ್ರಾಂ ಇಳಿದಿಲ್ಲ. ಬಾಚಿದರೆ ಕೂದಲು ಹಿಡಿ ಹಿಡಿ ಬರುತ್ತದೆ, ಸುಸ್ತು. ಕಬ್ಬಿಣದ್ದು, ಕ್ಯಾಲ್ಸಿಯಂದು ಎರಡೂ ಮಾತ್ರೆ ಬೆಳಗಿನ ಕಾಫಿಯ ಜೊತೆ ನುಂಗುತ್ತೇನೆ; ಮಾತ್ರೆಗಳ ಪಟ್ಟಿ, ದಿನದ ಊಟದ ವಿವರ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಮೊನ್ನೆ ನೆಂಟರ ಮನೆಯ ತೊಟ್ಟಿಲು ಶಾಸ್ತ್ರದಲ್ಲಿ ಬಲವಂತಕ್ಕೆ ಕಡಂಬುಟ್ಟು, ಪಂದಿಕರಿ ತಿಂದು ಹಿತ್ತಲಿಗೆ ಓಡಿದೆ. ‘ಎರಡನೆಯದಾ?’ ಅಂತ ಒಬ್ಬರು, ‘ಏನೋ ದೊಡ್ಡ ಕಾಯಿಲೆ’ ಅಂತ ಇನ್ನೊಬ್ಬರು. ಅತ್ತೆ ಗಾಬರಿಯಾಗಿ ಇನ್ನಷ್ಟು ಬಡಿಸುತ್ತಾರೆ. ನಮ್ಮ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂತು. ಹೇಳಿಬಿಡಲೇ, ಹೀಗೇ ತಳ್ಳಲೇ? ‘ಬಾಯಿ ಕಟ್ಟೋಕಾಗದೆ ಹೊಟ್ಟೆ ಕೊಯ್ಸಿಕೊಂಡ್ಲು’ ಅಂತ ಆಡಿಕೊಳ್ಳುತ್ತಾರೆಂಬ ಭಯ.

ಉತ್ತರ: ಊರಿಗೆ ಹೇಳಬೇಕಾಗಿಲ್ಲ. ಅತ್ತೆಗೆ ಹೇಳಿ, ಹುತ್ತರಿಗೆ ಮೊದಲೇ ಹೇಳಿ. ಬೇರೆ ಯಾವ ಸುಳ್ಳು ಹೇಳಿದ್ದರೂ ಇಷ್ಟು ಅವಸರಪಡಿಸುತ್ತಿರಲಿಲ್ಲ. ಈ ಆಪರೇಷನ್ ಆದವರು ಹೇಳಲೇಬಾರದ ಸುಳ್ಳು ಒಂದಿದ್ದರೆ ಅದನ್ನೇ ಆರಿಸಿಕೊಂಡಿದ್ದೀರಿ.

ಯಾಕೆ ಅಂದರೆ, ತೂಕ ಬೇಗ ಇಳಿಯುವಾಗ ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಜಾಸ್ತಿಯಾಗುತ್ತದೆ. ಊಟ ಕಮ್ಮಿ, ಜಿಡ್ಡು ಕಮ್ಮಿ, ಹಾಗಾಗಿ ಪಿತ್ತಕೋಶ ಸರಿಯಾಗಿ ಹಿಂಡಿ ಖಾಲಿಯಾಗುವುದೂ ಇಲ್ಲ. ಹೀಗೆ ನಿಂತ ರಸದಲ್ಲಿ ಕಲ್ಲು ಕಟ್ಟುತ್ತದೆ. ಆಪರೇಷನ್ ಆದ ಮೊದಲ ಆರು ತಿಂಗಳು ಇದರ ಕಾಲ, ನೀವು ಅದರ ನಡುವೆ ಇದ್ದೀರಿ. ಒಂದು ರಾತ್ರಿ ಬಲಪಕ್ಕೆಯ ಕೆಳಗೆ ನೋವು ಕಚ್ಚಿಕೊಂಡು ಬೆನ್ನಿಗೆ, ಬಲಭುಜಕ್ಕೆ ಹರಿಯಿತು ಎಂದುಕೊಳ್ಳಿ. ಮೈದುನ ಜೀಪಿನಲ್ಲಿ ಹಾಕಿಕೊಂಡು ಮಡಿಕೇರಿಗೆ ಓಡಿಸುತ್ತಾನೆ. ಡ್ಯೂಟಿ ಡಾಕ್ಟರ್ ಕೇಳಿದರೆ ಅತ್ತೆ ಖಂಡಿತವಾಗಿ ಹೇಳುತ್ತಾರೆ: ‘ಪಿತ್ತಕೋಶ ಜುಲೈನಲ್ಲೇ ತೆಗೆದಾಯ್ತಲ್ಲ ಸಾರ್.’ ಹೊಟ್ಟೆಯ ಮೇಲಿನ ಗಾಯದ ಗುರುತೂ ಅವರ ಮಾತಿಗೇ ಸಾಕ್ಷಿ ಹೇಳುತ್ತದೆ. ಪಿತ್ತಕೋಶಕ್ಕೆ ಸಾಮಾನ್ಯವಾಗಿ ನಾಲ್ಕು ತೂತು, ಸ್ಲೀವ್‌ಗೆ ಐದು. ಒಣಗಿದ ಮೇಲೆ ಯಾರು ಎಣಿಸುತ್ತಾರೆ? ಸ್ಕ್ಯಾನಿಂಗ್‌ನಲ್ಲಿ ಬಯಲಾಗುತ್ತದೆ, ನಿಜ. ಆದರೆ ರಾತ್ರಿ ಎರಡು ಗಂಟೆಗೆ ಎಷ್ಟು ಹೊತ್ತು ಕಳೆದ ಮೇಲೆ?

ಅಂದಹಾಗೆ, ನೀವು ಬರೆದ ಮಾತ್ರೆಗಳ ಪಟ್ಟಿಯಲ್ಲಿ ಅರ್ಸೋಡಿಆಕ್ಸಿಕೋಲಿಕ್ ಆಸಿಡ್ ಕಾಣಲಿಲ್ಲ. ಕಲ್ಲು ಕಟ್ಟದಿರಲೆಂದು ಇದನ್ನು ಸಾಮಾನ್ಯವಾಗಿ 300 ಮಿ.ಗ್ರಾಂ.ನಂತೆ ದಿನಕ್ಕೆ ಎರಡು ಸಲ, ಆರು ತಿಂಗಳು ಕೊಡುತ್ತಾರೆ. ಬರೆದುಕೊಟ್ಟಿದ್ದನ್ನು ನೀವೇ ಬಿಟ್ಟಿರಾ, ಬರೆದೇ ಇರಲಿಲ್ಲವಾ? ನಾಳೆಯೇ ಸರ್ಜನ್‌ಗೆ ಫೋನ್ ಮಾಡಿ ಕೇಳಿ.

ವಾಂತಿಯ ವಿಷಯ ಇದಕ್ಕಿಂತ ಗಂಭೀರ. ಥಯಮಿನ್, ಅಂದರೆ ಬಿ1 ವಿಟಮಿನ್, ದೇಹದಲ್ಲಿ ಎರಡು ಮೂರು ವಾರಕ್ಕಾಗುವಷ್ಟು ಮಾತ್ರ ಕೂಡಿಟ್ಟಿರುತ್ತದೆ. ಒಂದು ದಿನದ ವಾಂತಿಗೆ ಏನೂ ಆಗದು. ದಿನಗಟ್ಟಲೆ ಏನೂ ನಿಲ್ಲದಿದ್ದರೆ ಅದು ಬರಿದಾಗುತ್ತದೆ. ಆ ಹೊತ್ತಿನಲ್ಲಿ ಯಾರೋ ‘ಸುಸ್ತಾಗಿದ್ದಾಳೆ’ ಎಂದು ಬರೀ ಗ್ಲೂಕೋಸ್ ಡ್ರಿಪ್ ಏರಿಸಿದರೆ, ಉಳಿದ ಚೂರು ಥಯಮಿನ್ ಗ್ಲೂಕೋಸನ್ನು ಕರಗಿಸುವುದರಲ್ಲೇ ಮುಗಿದು ಮೆದುಳಿಗೆ ಪೆಟ್ಟು ಬೀಳುತ್ತದೆ. ಒಂದು ಎರಡಾಗಿ ಕಾಣುವುದು, ನಡೆದರೆ ತೂರಾಡುವುದು, ಮಾತು ಗೊಂದಲವಾಗುವುದು ಅದರ ಲಕ್ಷಣ. ಥಯಮಿನ್ ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ. ಈ ಮಾತನ್ನು ಡಾಕ್ಟರ್‌ಗೆ ಹೇಳಬೇಕಾದವರು ಆಗ ನೀವಾಗಿರುವುದಿಲ್ಲ, ನಿಮ್ಮನ್ನು ಕರೆದುಕೊಂಡು ಹೋದವರು.

ಆದ್ದರಿಂದ ಒಂದು ಚೀಟಿ ಬರೆದು ಆಧಾರ್ ಕಾರ್ಡಿನ ಹಿಂದೆ ಇಟ್ಟುಕೊಳ್ಳಿ. ಫೋಟೋ ಅತ್ತೆ, ಮೈದುನ ಇಬ್ಬರ ಮೊಬೈಲಿನಲ್ಲೂ ಇರಲಿ: ‘ಸ್ಲೀವ್ ಗ್ಯಾಸ್ಟ್ರೆಕ್ಟಮಿ ಆಗಿದೆ (ತಾರೀಕು, ಸರ್ಜನ್ ಫೋನ್ ನಂಬರ್). ಪಿತ್ತಕೋಶ ತೆಗೆದಿಲ್ಲ. ವಾಂತಿಯಿದ್ದರೆ ಗ್ಲೂಕೋಸ್‌ಗೆ ಮೊದಲು ಥಯಮಿನ್ ಕೊಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಆಗಬಹುದು.’ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಒಂದು ಸಲ ನುಂಗಿದ್ದಕ್ಕೆ ಅನಾಹುತವಾಗಲಿಕ್ಕಿಲ್ಲ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ತಂದು ವಾರಗಟ್ಟಲೆ ತಿಂದರೆ ಹೊಟ್ಟೆ ಹುಣ್ಣಾಗುತ್ತದೆ.

ಇನ್ನು ಅತ್ತೆಗೆ ಹೇಳುವ ಬಗೆ. ಅಡುಗೆಮನೆಯಲ್ಲಿ ಇಬ್ಬರೇ ಇರುವಾಗ ಹೇಳಿ, ಪೀಠಿಕೆ ಬೇಡ. ‘ಅತ್ತೆ, ಜುಲೈನಲ್ಲಿ ಆಗಿದ್ದು ಪಿತ್ತಕೋಶದ್ದಲ್ಲ. ಸಕ್ಕರೆ ಕಾಯಿಲೆಗೆ, ತೂಕಕ್ಕೆ ಅಂತ ಹೊಟ್ಟೆ ಸಣ್ಣ ಮಾಡಿಸಿದ್ದು. ಬೈತೀರಿ ಅಂತ ಹೆದರಿ ಹೇಳಲಿಲ್ಲ. ನನಗೆ ಏನಾದರೂ ಆದರೆ ನೀವೇ ಅಲ್ವಾ ಕರ್ಕೊಂಡು ಹೋಗೋದು, ನಿಮಗೆ ಗೊತ್ತಿರಬೇಕು.’ ನಾಲ್ಕು ದಿನ ಮುನಿಸಿಕೊಂಡಾರು. ಕಾಯಿಲೆಯಿಂದ ಸೊರಗುತ್ತಿದ್ದಾಳೆ ಎಂದು ಒಳಗೊಳಗೇ ಕೊರಗುತ್ತಿರುವ ಹೆಂಗಸಿಗೆ ಇದು ನೆಮ್ಮದಿಯ ಸುದ್ದಿಯೂ ಹೌದು. ಆಮೇಲೆ ಪಂಕ್ತಿಯಲ್ಲಿ ‘ಅವಳಿಗೆ ಸಾಕು, ಬಡಿಸಬೇಡಿ’ ಎನ್ನುವ ಅಧಿಕಾರ ಅವರೊಬ್ಬರಿಗೇ ಇರುವುದು; ನೀವು ನೂರು ಸಲ ಹೇಳಿದರೂ ಅದು ಸಂಕೋಚ ಎಂದೇ ಲೆಕ್ಕ. ಉಳಿದವರಿಗೆ ‘ಡಾಕ್ಟರು ಸ್ವಲ್ಪ ಸ್ವಲ್ಪವೇ ತಿನ್ನೋಕೆ ಹೇಳಿದ್ದಾರೆ’ ಎಂದರೆ ಸಾಕು, ಅದು ಸುಳ್ಳೂ ಅಲ್ಲ. ಆಡಿಕೊಳ್ಳುವವರು ನೀವು ಸಣ್ಣಗಾದರೂ ಆಡುತ್ತಾರೆ, ದಪ್ಪಗಿದ್ದಾಗಲೂ ಆಡಿದ್ದಾರೆ.

ತೊಟ್ಟಿಲು ಶಾಸ್ತ್ರದಲ್ಲಿ ಆದದ್ದು ಇಷ್ಟು. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆದಿರುತ್ತಾರೆ. ಉಳಿದದ್ದು ಬಾಳೆಕಾಯಿಯಷ್ಟು ಸಪೂರದ ಕೊಳವೆ. ಕಡಂಬುಟ್ಟಿನಂಥ ಮುದ್ದೆಯಾದ ಅಕ್ಕಿ ತಿಂಡಿ ಅದರಲ್ಲಿ ಅಂಟಿ ನಿಲ್ಲುತ್ತದೆ. ಅದರ ಮೇಲೆ ನೆಣವಿರುವ ಪಂದಿಯ ತುಂಡು ಅರ್ಧ ಅಗಿದು ನುಂಗಿದರೆ ಬಾಗಿಲು ಮುಚ್ಚಿದ ಹಾಗೆ. ದೇಹ ಮೊದಲೇ ಸೂಚನೆ ಕೊಡುತ್ತದೆ: ಒಂದು ಬಿಕ್ಕಳಿಕೆ, ಇಲ್ಲವೇ ಇದ್ದಕ್ಕಿದ್ದ ಹಾಗೆ ಮೂಗು ಸೋರುವುದು, ಎದೆಯ ನಡುವೆ ಒತ್ತಿದ ಹಾಗಾಗುವುದು. ಅಲ್ಲಿಗೆ ಕೈ ತೊಳೆದುಬಿಡಿ. ಇನ್ನೊಂದು ತುತ್ತು ಹೋದರೆ ಬಾಯಲ್ಲಿ ನೊರೆ ಬಂದು ಹಿತ್ತಲೇ ಗತಿ. ಸಿಕ್ಕಿಕೊಂಡಿತೆಂದು ನೀರು ಕುಡಿದು ಇಳಿಸಲು ಹೋಗಬೇಡಿ, ಇನ್ನೂ ಜೋರಾಗುತ್ತದೆ.

ಹಬ್ಬದ ಎಲೆಯಲ್ಲಿ ಮೊದಲು ಕೋಳಿ ಅಥವಾ ಮೀನು, ಉಗುರುಗಾತ್ರದ ತುಂಡು, ಇಪ್ಪತ್ತು ಸಲ ಅಗಿದು. ಪಂದಿಯಾದರೆ ನೆಣ ಬಿಡಿಸಿ ಎರಡೇ ತುಂಡು. ಕಡಂಬುಟ್ಟಿನ ಬದಲು ಅರ್ಧ ನೂಲ್ಪುಟ್ಟು (ಒತ್ತು ಶಾವಿಗೆ), ಅದೂ ಕೊನೆಗೆ. ಒಟ್ಟು ಊಟ ಒಂದು ಕಾಫಿ ಲೋಟದಷ್ಟು, ಅರ್ಧ ಗಂಟೆಯಲ್ಲಿ. ನೀರು ಊಟವಾಗಿ ಅರ್ಧ ಗಂಟೆ ಬಿಟ್ಟು, ಗುಟುಕು ಗುಟುಕಾಗಿ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್. ಹೊಸ ಅಕ್ಕಿ ಪಾಯಸ ಶಾಸ್ತ್ರಕ್ಕೆ ಒಂದು ಚಮಚ. ತಂಬುಟ್ಟು, ಜೇನು ಸುರಿದ ಹುತ್ತರಿ ಗೆಣಸು ಇವೆಲ್ಲ ಸೇರಿದರೆ ಕಾಲು ಗಂಟೆಯಲ್ಲಿ ಎದೆ ಡವಡವ, ಬೆವರು, ಭೇದಿ ಶುರುವಾಗಬಹುದು, ಸಿಹಿ ಒಮ್ಮೆಗೇ ಕರುಳಿಗೆ ಇಳಿಯುವುದರಿಂದ. ಮದ್ಯ ಈ ವರ್ಷ ಬೇಡವೇ ಬೇಡ. ಒಂದು ಪೆಗ್ಗು ಈಗ ಬೇಗ ತಲೆಗೇರುತ್ತದೆ, ಬೇಗ ಇಳಿಯುವುದಿಲ್ಲ.

ಕೂದಲು ಉದುರುವುದು ಆಪರೇಷನ್ನಿನ ಪೆಟ್ಟಿಗೆ ಬೇರುಗಳು ಒಟ್ಟಿಗೇ ವಿಶ್ರಾಂತಿಗೆ ಹೋಗಿದ್ದರಿಂದ. ಮೂರು ನಾಲ್ಕು ತಿಂಗಳಿಗೆ ಶುರುವಾಗಿ ಕೆಲವು ತಿಂಗಳಲ್ಲಿ ನಿಂತು ಮತ್ತೆ ಬರುತ್ತದೆ. ಪ್ರೋಟೀನ್, ಕಬ್ಬಿಣ ಕಮ್ಮಿಯಿದ್ದರೆ ಮಾತ್ರ ನಿಲ್ಲುವುದಿಲ್ಲ, ಮತ್ತು ನಿಮ್ಮದು ಕಮ್ಮಿಯೇ ಇದೆ. ಬರೆದ ಊಟ ಕೂಡಿಸಿದರೆ ದಿನಕ್ಕೆ 35 ಗ್ರಾಂ ಪ್ರೋಟೀನ್ ದಾಟುವುದಿಲ್ಲ. ಬೇಕಾದದ್ದು 60ರಿಂದ 80. ಎರಡು ಮೊಟ್ಟೆಗೆ 12, ಒಂದು ಲೋಟ ಹಾಲಿಗೆ 6, ಅದಕ್ಕೆ ಅರ್ಧ ಸ್ಕೂಪ್ ವೇ ಪ್ರೋಟೀನ್ ಪುಡಿ ಕದಡಿದರೆ ಇನ್ನು 12, ಮಧ್ಯಾಹ್ನ 75 ಗ್ರಾಂ ಮೀನಿಗೆ 15, ಸಂಜೆ ಸಣ್ಣ ಬಟ್ಟಲು ಮೊಸರಿಗೆ 5, ರಾತ್ರಿ 50 ಗ್ರಾಂ ಕೋಳಿಗೆ 13. ಅಲ್ಲಿಗೆ 63 ಆಯಿತು. ಬಯೋಟಿನ್ ಮಾತ್ರೆಗೆ ದುಡ್ಡು ಸುರಿಯಬೇಡಿ. ಅದು ಥೈರಾಯ್ಡ್ ರಕ್ತಪರೀಕ್ಷೆಯನ್ನೂ ತಪ್ಪು ತೋರಿಸುತ್ತದೆ.

ಸುಸ್ತಿಗೆ ಕಾರಣ ನಿಮ್ಮ ಕಾಫಿ ಲೋಟದಲ್ಲೂ ಇರಬಹುದು. ತೋಟದವರಿಗೆ ಕಾಫಿ ಬಿಡಿ ಎನ್ನುವ ಧೈರ್ಯ ನಮಗಿಲ್ಲ, ಹೊತ್ತು ಬದಲಿಸಿ. ಬೆಳಗಿನ ಕಾಫಿಯ ಜೊತೆಗೇ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡೂ ನುಂಗುತ್ತೀರಿ. ಕಾಫಿ ಕಬ್ಬಿಣವನ್ನು ಹಿಡಿದಿಡುತ್ತದೆ, ಕ್ಯಾಲ್ಸಿಯಂ ಕೂಡ ಅಡ್ಡ ಬರುತ್ತದೆ. ಮೂರೂ ಸೇರಿ ಮಾತ್ರೆ ನುಂಗಿದ್ದು ಬಹುಪಾಲು ದಂಡ. ಕಬ್ಬಿಣ ರಾತ್ರಿ ಮಲಗುವ ಮುಂಚೆ, ನಾಲ್ಕು ತೊಳೆ ಕಿತ್ತಳೆಯ ಜೊತೆ. ಕ್ಯಾಲ್ಸಿಯಂ ಬೆಳಿಗ್ಗೆ ಹನ್ನೊಂದಕ್ಕೆ ಒಂದು, ಸಂಜೆ ಐದಕ್ಕೆ ಒಂದು. ಒಮ್ಮೆಗೆ 500 ಮಿ.ಗ್ರಾಂ. ಆಸುಪಾಸಿಗಿಂತ ಹೆಚ್ಚು ದೇಹ ಹೀರುವುದಿಲ್ಲ. ಅದು ಸಿಟ್ರೇಟ್ ಆಗಿರಲಿ. ಕಾರ್ಬೊನೇಟ್ ಕರಗಲು ಆಮ್ಲ ಬೇಕು, ನಿಮ್ಮ ಹೊಟ್ಟೆಯಲ್ಲಿ ಈಗ ಅದು ಕಮ್ಮಿ.

ತೂಕ ನಿಂತಿರುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕು ತಿಂಗಳಿಗೆ 21 ಕೆ.ಜಿ. ಚೆನ್ನಾಗಿಯೇ ಇಳಿದಿದೆ. ಸ್ಲೀವ್ ಆದವರು ಒಂದು ಒಂದೂವರೆ ವರ್ಷದಲ್ಲಿ ಮೊದಲಿದ್ದ ತೂಕದ ಕಾಲು ಭಾಗದಷ್ಟು, ಕೆಲವರು ಇನ್ನೂ ಸ್ವಲ್ಪ ಹೆಚ್ಚು ಇಳಿಯುತ್ತಾರೆ. 60ಕ್ಕೆ ಬರುತ್ತೇನೆಂದು ಲೆಕ್ಕ ಹಾಕಿದ್ದರೆ ಲೆಕ್ಕ ತಪ್ಪಿದೆ.

‘ಎರಡನೆಯದಾ?’ ಎಂದು ಕೇಳಿದವರ ಮಾತು ನಿಜವಾಗದಂತೆ ನೋಡಿಕೊಳ್ಳಿ. ತೂಕ ಇಳಿದಾಗ ಗರ್ಭ ನಿಲ್ಲುವುದು ಸುಲಭವಾಗುತ್ತದೆ, ಯಜಮಾನರೂ ರಜೆಗೆ ಬರುತ್ತಿದ್ದಾರೆ. ಆಪರೇಷನ್ ಆಗಿ 12ರಿಂದ 18 ತಿಂಗಳು ಬಸಿರು ಬೇಡ. ತಾಯಿಗೇ ಸಾಲದ ಪೋಷಣೆ ಮಗುವಿಗೆಲ್ಲಿಂದ? ವಾಂತಿಯಾಗುವವರಿಗೆ ನುಂಗುವ ಗರ್ಭನಿರೋಧಕ ಮಾತ್ರೆ ನಂಬಿಕೆಗಲ್ಲ. ವಂಕಿ (ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ಸಾಧನ) ಹಾಕಿಸಿಕೊಳ್ಳುವುದಾದರೆ, ಮುಟ್ಟಿನಲ್ಲಿ ಜಾಸ್ತಿ ಹೋಗುವವರಿಗೆ ಕಾಪರ್-ಟಿಗಿಂತ ಹಾರ್ಮೋನಿನದು ಒಳ್ಳೆಯದು.

ಜನವರಿ ಕೊನೆಗೆ ಆರು ತಿಂಗಳಾಗುತ್ತದೆ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ವಿಟಮಿನ್ ಡಿ, ಮೂರು ತಿಂಗಳ ಸಕ್ಕರೆ, ಜೊತೆಗೆ ಪಿತ್ತಕೋಶದ ಸ್ಕ್ಯಾನಿಂಗ್ ಬೇಕೇ ಎಂದು ಕೇಳಿ. ಆಗ ರೋಬಸ್ಟಾ ಕೊಯ್ಲಿನ ಗಡಿಬಿಡಿ ಇರುತ್ತದೆ, ಮೈಸೂರಿಗೆ ಹೋಗುವುದು ‘ಮುಂದಿನ ವಾರ’ ಆಗುತ್ತಲೇ ಇರುತ್ತದೆ. ಈಗಲೇ ತಾರೀಕು ಗೊತ್ತುಮಾಡಿ. ಈ ಸಲ ಅತ್ತೆಯನ್ನೂ ಕರೆದುಕೊಂಡು ಹೋಗಿ.