ಟೆಂಟಿನ ಕ್ಯಾನ್ವಾಸ್ ಮೇಲೆ ಆಯಿಲ್ ಪೇಂಟ್ ನಿಲ್ಲುತ್ತಾ?

ಹಳೇ ಟೆಂಟಿನ ಕ್ಯಾನ್ವಾಸ್ ಉಳಿದಿದೆ, ಅದರ ಮೇಲೆ ಆಯಿಲ್ ಪೇಂಟ್ ಮಾಡಬಹುದಾ ಅಂತ ಕೇಳಿದ್ದೀರಿ. ಟೆಂಟಿನದಾಗಲಿ ಚಿತ್ರ ಬಿಡಿಸೋದಾಗಲಿ, ಬಟ್ಟೆಯ ಜಾತಿ ಒಂದೇ: ದಪ್ಪ ನೂಲು, ಒತ್ತಾದ ಸಾದಾ ನೇಯ್ಗೆ. ಹಳೇ ಕಾಲದ ಹಡಗಿನ ಹಾಯಿ, ಕ್ಯಾನ್ವಾಸ್ ಶೂ, ಚೀಲ ಎಲ್ಲಕ್ಕೂ ಅದೇ. ತಕರಾರು ಇರೋದು ನೀರು ಇಳಿಯದಿರಲಿ ಅಂತ ಟೆಂಟಿಗೆ ಹಚ್ಚಿರುವ ಮೇಣದಂಥ ಲೇಪದಲ್ಲಿ. ಅದರ ಮೇಲೆ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ) ಸರಿಯಾಗಿ ಕಚ್ಚಿಕೊಳ್ಳಲ್ಲ, ಆಮೇಲೆ ಬಣ್ಣ ಹಕ್ಕಳೆ ಹಕ್ಕಳೆಯಾಗಿ ಏಳುತ್ತೆ. ಒಂದು ಹನಿ ನೀರು ಬಿಟ್ಟು ನೋಡಿ. ಮಣಿಯ ಹಾಗೆ ಉರುಳಿದರೆ ಆಸೆ ಬಿಡಿ. ಹೀರಿಕೊಂಡರೆ ಒಗೆದು, ಒಣಗಿಸಿ, ಚೌಕಟ್ಟಿಗೆ ಬಿಗಿಯಾಗಿ ಎಳೆದು ಎರಡು ಕೋಟ್ ಜೆಸ್ಸೊ, ಅಂದರೆ ಚಿತ್ರಕಾರರು ಬಳಸುವ ಬಿಳಿ ಪ್ರೈಮರ್, ಹಚ್ಚಿ. ಜೆಸ್ಸೊ ಉಳಿಸೋಕೆ ಹೋಗಬೇಡಿ. ಎಣ್ಣೆ ನೇರವಾಗಿ ನಾರಿಗೆ ಇಳಿದರೆ ವರ್ಷಗಳು ಕಳೆದಂತೆ ಬಟ್ಟೆ ಪೆಡಸಾಗಿ ಮುರಿಯುತ್ತೆ. ಎಣ್ಣೆ ಇಲ್ಲದ ಅಕ್ರಿಲಿಕ್ ಪೇಂಟ್ ಆದರೆ ಆ ಭಯ ಇಲ್ಲ.