ಲೆನ್ಸಿಗೆ ಕೊಟ್ಟ ದುಡ್ಡು ಎಲ್ಲಿ ಹೋಗುತ್ತದೆ?

ಓದುಗರ ಪ್ರಶ್ನೆಗಳು: ಈ ಸಲ ಕ್ಯಾಮೆರಾ ಲೆನ್ಸ್

ಪ್ರಶ್ನೆ: ಮದುವೆ ಫೋಟೊ ತೆಗೆಯುವುದು ನನ್ನ ಕಸುಬು. ಕ್ಯಾನನ್ ಆರ್‌ಎಫ್ 50 ಎಂಎಂ ಎಫ್/1.8 ಲೆನ್ಸ್ ಇದೆ. ಅದೇ 50 ಎಂಎಂನಲ್ಲಿ ಎಫ್/1.2 ಎಲ್ (ಕ್ಯಾನನ್ನಿನ ದುಬಾರಿ ಸಾಲು) ಲೆನ್ಸಿಗೆ ಹತ್ತು ಪಟ್ಟಿಗೂ ಹೆಚ್ಚು ಬೆಲೆ. ಎರಡರಲ್ಲೂ ಫ್ರೇಮಿಗೆ ಹಿಡಿಯುವುದು ಅಷ್ಟೇ. ಅಷ್ಟೊಂದು ದುಡ್ಡು ಗಾಜಿಗೋ, ಆ ಸಾಲಿನ ಗುರುತಾದ ಕೆಂಪು ಉಂಗುರಕ್ಕೋ? (ದಾವಣಗೆರೆಯಿಂದ)

ಉತ್ತರ: ಹೆಚ್ಚಿನ ಪಾಲು ಗಾಜಿಗೇ. ಆದರೆ ಬೆಳಕು ಹೆಚ್ಚು ಬರುತ್ತದೆ ಎಂಬ ಒಂದೇ ಕಾರಣಕ್ಕಲ್ಲ. ಫೋಕಲ್ ಲೆಂಗ್ತನ್ನು (ಇಲ್ಲಿ 50 ಎಂಎಂ) ಎಫ್ ಸಂಖ್ಯೆಯಿಂದ (1.8 ಅಥವಾ 1.2) ಭಾಗಿಸಿದರೆ ಬೆಳಕಿನ ಕಿಂಡಿಯ ಅಗಲ ಸಿಗುತ್ತದೆ. ನಿಮ್ಮ ಲೆನ್ಸಿನದು ಸುಮಾರು 28 ಎಂಎಂ, ಎಫ್/1.2ರದು 42 ಎಂಎಂ. ಬೆಳಕು ಹೆಚ್ಚುವುದು ಎರಡೂಕಾಲು ಪಟ್ಟು, ಅಂದರೆ ಒಂದು ಸ್ಟಾಪಿಗಿಂತ (ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್) ತುಸು ಜಾಸ್ತಿ. ಅಷ್ಟನ್ನು ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) ಏರಿಸಿಯೂ ಗಿಟ್ಟಿಸಿಕೊಳ್ಳಬಹುದು.

ಕಷ್ಟವಿರುವುದು ಆ ಹೆಚ್ಚುವರಿ 14 ಎಂಎಂನಲ್ಲಿ. ಗಾಜಿನ ನಡುವಿನಿಂದ ಬಂದ ಕಿರಣಗಳನ್ನು ಒಂದು ಬಿಂದುವಿನಲ್ಲಿ ಸೇರಿಸುವುದು ಸುಲಭ. ಅಂಚಿನಿಂದ ಬಂದವು ಹೆಚ್ಚು ಬಾಗಿ ಮೊದಲೇ ಸೇರಿಬಿಡುತ್ತವೆ, ಚಿತ್ರದ ಮೇಲೆ ಮಂಜು ಹಾಸಿದ ಹಾಗಾಗುತ್ತದೆ. ಅವನ್ನು ದಾರಿಗೆ ತರಲು ಗಾಜಿನ ಮೇಲೆ ಗಾಜು ಸೇರಿಸುತ್ತ ಹೋಗಬೇಕು. ಎಫ್/1.8ರಲ್ಲಿ 6 ಗಾಜುಗಳು, ತೂಕ 160 ಗ್ರಾಂ. ಎಫ್/1.2ರಲ್ಲಿ 9 ಗುಂಪುಗಳಲ್ಲಿ (ಒಂದಕ್ಕೊಂದು ಅಂಟಿಸಿದ ಗಾಜುಗಳು ಸೇರಿ ಒಂದು ಗುಂಪು) 15 ಗಾಜುಗಳು, ತೂಕ 950 ಗ್ರಾಂ. ಕೆಲವು ಗಾಜುಗಳ ಮೈ ಚೆಂಡಿನಂತೆ ಸಮವಾಗಿ ದುಂಡಗಿರದೆ ಅಂಚಿನತ್ತ ಬೇರೆ ಬಾಗು ಪಡೆದಿರುತ್ತದೆ. ಇವೇ ಆಸ್ಫೆರಿಕಲ್ ಗಾಜುಗಳು, ಮಾಮೂಲಿ ಉಜ್ಜುವ ಯಂತ್ರದಲ್ಲಿ ಇವು ಆಗುವುದಿಲ್ಲ. ಹೆಚ್ಚಾಗಿ ಕಾಯಿಸಿದ ಗಾಜನ್ನು ಅಚ್ಚಿನಲ್ಲಿ ಒತ್ತುತ್ತಾರೆ. ಅಚ್ಚಿನಲ್ಲಿ ಸಣ್ಣ ಗೆರೆ ಉಳಿದರೂ ಹಿನ್ನೆಲೆಯ ದೀಪದ ಮಸುಕು ವೃತ್ತಗಳೊಳಗೆ ಹೆಚ್ಚಿದ ಈರುಳ್ಳಿಯಂತೆ ಸುತ್ತುಗಳು ಕಾಣುತ್ತವೆ.

ಗಾಜು ಹೆಚ್ಚಿದಷ್ಟೂ ಪ್ರತಿಫಲನದ ಕಾಟ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ಹೊರಗಿನ ಊರಿನ ಬದಲು ನಿಮ್ಮ ಮುಖವೇ ಕಾಣುತ್ತದಲ್ಲ, ಅದೇ ಕತೆ. ಲೇಪನವಿಲ್ಲದ ಗಾಜಿನ ಪ್ರತಿ ಮೈಯೂ ಸುಮಾರು 4 ಶೇಕಡಾ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. 9 ಗುಂಪಿಗೆ 18 ಮೈಗಳು, ಅಷ್ಟನ್ನೂ ದಾಟುವ ಹೊತ್ತಿಗೆ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಹಿಂದೆ ಬಿದ್ದದ್ದು ಒಳಗೇ ಅಡ್ಡಾಡಿ ಕಪ್ಪನ್ನು ಬೂದಿ ಮಾಡುತ್ತದೆ. ಒಳ್ಳೆಯ ಬಹುಪದರ ಲೇಪನವಿದ್ದು ಪ್ರತಿ ಮೈಯ ನಷ್ಟ ಅರ್ಧ ಶೇಕಡಾಕ್ಕೆ ಇಳಿದರೆ 91 ಶೇಕಡಾ ದಾಟುತ್ತದೆ. ಮಂಟಪದ ಹಿಂದೆ ಎಲ್‌ಇಡಿ ಗೋಡೆ ಹೊತ್ತಿಸಿದಾಗ ಎರಡು ಲೆನ್ಸ್‌ಗಳ ಅಂತರ ಮೊದಲು ಕಣ್ಣಿಗೆ ಬೀಳುವುದು ಇಲ್ಲೇ. ಎರಡನೆಯದಾಗಿ ವಧುವಿನ ಮುಡಿಯ ಮಲ್ಲಿಗೆ ನೋಡಿ. ಅಗ್ಗದ ಲೆನ್ಸ್ ಪೂರ್ತಿ ತೆರೆದಾಗ ಹೂವಿನ ಸುತ್ತ ನೇರಳೆ ಗೆರೆ ಕೂರುತ್ತದೆ. ಎಡಿಟಿಂಗ್‌ನಲ್ಲಿ ತೆಗೆಯಬಹುದು, ಆದರೆ ಆ ಸ್ಲೈಡರ್ ಜಾಸ್ತಿ ಎಳೆದರೆ ಸೀರೆಯ ನಿಜವಾದ ನೇರಳೆ ಅಂಚೂ ಬಿಳಿಚಿಕೊಳ್ಳುತ್ತದೆ.

ಇನ್ನು ಭಾರದ ಗಾಜುಗಳನ್ನು ಸರಕ್ಕನೆ ಸರಿಸಿ ನಿಲ್ಲಿಸುವ ಮೋಟಾರು, ಮೌಂಟಿನ (ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಜಾಗ) ರಬ್ಬರ್ ಉಂಗುರ, ಹದಿನೈದು ಗಾಜನ್ನೂ ಒಂದೇ ನೇರದಲ್ಲಿ ಕೂರಿಸುವ ಕೆಲಸ. ಒಂದು ಗಾಜು ಕೂದಲೆಳೆಯಷ್ಟು ವಾಲಿದರೂ ಚಿತ್ರದ ಒಂದು ಮಗ್ಗುಲು ಮಸುಕು. ಮೇಲಾಗಿ ಇಂಥ ಲೆನ್ಸ್ ಮಾರಾಟವಾಗುವುದು ಕಡಿಮೆ, ಹಾಗಾಗಿ ವಿನ್ಯಾಸದ ಖರ್ಚು ಕೆಲವೇ ಲೆನ್ಸ್‌ಗಳ ಮೇಲೆ ಬೀಳುತ್ತದೆ. ಕೆಂಪು ಉಂಗುರದ ಹೆಸರಿಗೂ ಒಂದಿಷ್ಟು ಹೋಗುತ್ತದೆ, ಇಲ್ಲ ಎನ್ನಲಾಗದು.

ನಿಮಗೆ ಬೇಕೇ? ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಒಂದು ಮೀಟರ್ ದೂರದ ಮುಖಕ್ಕೆ ಎಫ್/1.2 ಇಟ್ಟರೆ ಸ್ಪಷ್ಟವಾಗಿರುವ ಆಳ ಸುಮಾರು 2.7 ಸೆಂ.ಮೀ. ಕಣ್ಣು ಚೂಪಾಗಿದ್ದರೆ ಮೂಗುತಿ ಮಸುಕು, ಅಮ್ಮಂದಿರು ಆಲ್ಬಂ ನೋಡುವಾಗ ಕೇಳುವುದೇ ಅದನ್ನು. ಮುಹೂರ್ತದ ಹೊತ್ತಿಗೆ ನೀವು ಹೇಗೂ ಕಿಂಡಿ ಕಿರಿದು ಮಾಡಿ ಎಫ್/2.8ಕ್ಕೋ ಎಫ್/4ಕ್ಕೋ ಇಳಿಸುತ್ತೀರಿ. ಎಫ್/5.6 ಮುಟ್ಟಿದ ಮೇಲೆ ಎರಡು ಲೆನ್ಸ್‌ಗಳ ಚಿತ್ರಗಳನ್ನು ಆಲ್ಬಂನಲ್ಲಿ ಬೇರೆ ಮಾಡುವುದು ಕಷ್ಟ. ನಿಮ್ಮ ಕಸುಬಿಗೆ ಮೊದಲು ಬೇಕಾದ್ದು ಎಫ್/2.8ರ ಒಳ್ಳೆಯ ಜೂಮ್. ಎಫ್/1.2 ಬೇಕೆನಿಸಿದರೆ ಬೆಂಗಳೂರಿನಲ್ಲಿ ಲೆನ್ಸ್ ದಿನಬಾಡಿಗೆಗೆ ಸಿಗುತ್ತದೆ. ಎರಡು ಮದುವೆಗೆ ತಂದು ನೋಡಿ.

ಪ್ರಶ್ನೆ: ಯಕ್ಷಗಾನದ ಫೋಟೊ ತೆಗೆಯುತ್ತೇನೆ. ಕ್ಯಾನನ್ ಕ್ರಾಪ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, 55-250 ಎಂಎಂ ಲೆನ್ಸ್. ಐಎಸ್‌ಒ 6400, ಶಟರ್ 1/100 ಸೆಕೆಂಡ್. ಲೆನ್ಸಿನಲ್ಲಿ ಸ್ಟೆಬಿಲೈಸರ್ ಇದ್ದರೂ ಕುಣಿತವೆಲ್ಲ ಮಸುಕು. (ಹೊನ್ನಾವರದಿಂದ)

ಉತ್ತರ: ಸ್ಟೆಬಿಲೈಸರ್ ತಡೆಯುವುದು ನಿಮ್ಮ ಕೈನಡುಕವನ್ನು. ಮಂಡಿ ಹಾಕಿ ಗಿರಗಿರನೆ ತಿರುಗುವ ವೇಷವನ್ನು ಅದು ನಿಲ್ಲಿಸಲಾರದು. ಅದಕ್ಕೆ ಕಡಿಮೆಯೆಂದರೂ 1/400 ಬೇಕು, ಧೀಂಗಿಣಕ್ಕೆ ಇನ್ನೂ ಜಾಸ್ತಿ. ನಿಮ್ಮ ಲೆನ್ಸ್ ಜೂಮ್ ಮಾಡಿದಾಗ ಎಫ್/5.6ಕ್ಕೆ ಇಳಿದಿರುತ್ತದೆ. 70-200 ಎಂಎಂ ಎಫ್/2.8 ಹಾಕಿದರೆ ನಾಲ್ಕು ಪಟ್ಟು ಬೆಳಕು, ಅದೇ ಐಎಸ್‌ಒಗೆ ಸರಿಯಾಗಿ 1/400 ಸಿಗುತ್ತದೆ. ರಂಗಸ್ಥಳದ ಫೋಟೊದವರು ಆ ಲೆನ್ಸಿಗೆ ದುಡ್ಡು ಸುರಿಯುವುದು ಇದಕ್ಕೇ. ಜೂಮ್ ಮಾಡುತ್ತ ಹೋದರೂ 2.8 ಇಳಿಯುವುದಿಲ್ಲ, ಹಾಗಾಗಿ ಎಕ್ಸ್‌ಪೋಶರನ್ನು ಮ್ಯಾನ್ಯುಯಲ್‌ನಲ್ಲಿ ಒಮ್ಮೆ ಕಟ್ಟಿಟ್ಟರೆ ದೀಪ ಬದಲಾಗುವವರೆಗೂ ನಿಶ್ಚಿಂತೆ.

ಅಷ್ಟು ದುಡ್ಡಿಲ್ಲದಿದ್ದರೆ 85 ಎಂಎಂ ಎಫ್/1.8 ನೋಡಿ. ನಿಮ್ಮ ಕ್ಯಾಮೆರಾದಲ್ಲಿ ಅದು 136 ಎಂಎಂನಷ್ಟು ಹತ್ತಿರ ತೋರಿಸುತ್ತದೆ. ಎಫ್/5.6ಕ್ಕೆ ಹೋಲಿಸಿದರೆ ಬೆಳಕು ಒಂಬತ್ತು ಪಟ್ಟಿಗೂ ಹೆಚ್ಚು, ಹಾಗಾಗಿ ಐಎಸ್‌ಒವನ್ನು 3200ಕ್ಕೆ ಇಳಿಸಿಯೂ 1/400 ಸಿಗುತ್ತದೆ. ಆರು ಮೀಟರ್ ದೂರದಲ್ಲಿ ಕೂತರೆ ಸ್ಪಷ್ಟವಾಗುವ ಆಳ ಒಂದು ಅಡಿಗಿಂತ ತುಸು ಹೆಚ್ಚು, ಒಬ್ಬ ವೇಷಧಾರಿಗೆ ಸಾಕು. ಇಬ್ಬರ ಸಂಭಾಷಣೆಗೆ ಎಫ್/2.8ಕ್ಕೆ ಇಳಿಸಿ.

ಒಂದು ಮಾತ್ರ ಯಾವ ಲೆನ್ಸಿನಿಂದಲೂ ಸರಿಹೋಗದು. ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗ ಏರಿಸಿದ ಕೂಡಲೇ ಚಿತ್ರದಲ್ಲಿ ಅಡ್ಡಪಟ್ಟಿಗಳು ಬೀಳಬಹುದು. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ, ಆ್ಯಂಟಿ ಫ್ಲಿಕರ್ ಆನ್ ಮಾಡಿ.

ಪ್ರಶ್ನೆ: ದುಬಾರಿ ಲೆನ್ಸಿಗೆ ವೆದರ್ ಸೀಲ್ ಇರುತ್ತದಂತೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಬರುವುದಿಲ್ಲ ಅಲ್ಲವೇ? (ತೀರ್ಥಹಳ್ಳಿಯಿಂದ)

ಉತ್ತರ: ಬರುತ್ತದೆ. ರಬ್ಬರ್ ಸೀಲ್ ನೀರಿನ ಹನಿಯನ್ನೂ ದೂಳನ್ನೂ ತಕ್ಕಮಟ್ಟಿಗೆ ತಡೆಯುತ್ತದೆ, ಗಾಳಿಯ ತೇವವನ್ನು ತಡೆಯುವುದಿಲ್ಲ. ಆಷಾಢದ ಜಡಿಮಳೆಯಲ್ಲಿ ಬೀರುವಿನೊಳಗೆ ಚರ್ಮದ ಚೀಲದಲ್ಲಿಟ್ಟ ಲೆನ್ಸ್ ಎರಡು ತಿಂಗಳಲ್ಲಿ ಜೇಡರ ಬಲೆ ಕಟ್ಟಿಕೊಳ್ಳಬಹುದು, ಬೆಲೆ ಎಷ್ಟೇ ಇರಲಿ. ಬೂಷ್ಟು ಬಿಡುವ ಆಮ್ಲ ಮೇಲೆ ಹೇಳಿದ ಲೇಪನವನ್ನೇ ತಿನ್ನುತ್ತದೆ. ಬಿಚ್ಚಿ ಒರೆಸಿದರೂ ಅದರ ಗುರುತು ಉಳಿಯಬಹುದು.

ಡ್ರೈ ಕ್ಯಾಬಿನೆಟ್ ಇದ್ದರೆ ತೇವ 40ರಿಂದ 50 ಶೇಕಡಾದಲ್ಲಿಡಿ. ಇಲ್ಲದಿದ್ದರೆ ರಬ್ಬರ್ ಅಂಚಿನ, ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬ, ಕಾಲು ಕೆ.ಜಿ. ಸಿಲಿಕಾ ಜೆಲ್, ಒಳಗೊಂದು ತೇವ ಅಳೆಯುವ ಪುಟ್ಟ ಹೈಗ್ರೋಮೀಟರ್. ಮುಳ್ಳು 60 ದಾಟಿದರೆ ಜೆಲ್ ಸೋತಿದೆ ಎಂದರ್ಥ. ಓವನ್‌ನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಯ ಪಾತ್ರೆಗೆ ಹಾಕಬೇಡಿ. ಕಿತ್ತಳೆ ಬಣ್ಣದ್ದು ಕೊಳ್ಳಿ. ಏಸಿ ಹಾಲ್‌ನಿಂದ ಹೊರಬರುವಾಗ ಲೆನ್ಸನ್ನು ಅರ್ಧ ಗಂಟೆ ಚೀಲದೊಳಗೇ ಬಿಡಿ, ಇಲ್ಲದಿದ್ದರೆ ಗಾಜು ಬೆವರುತ್ತದೆ.

ಇನ್ನೊಂದು ವಿಷಯ: ಕೆಲವು ಸೀಲ್ ಲೆನ್ಸ್‌ಗಳಿಗೆ ಮುಂದೆ ಫಿಲ್ಟರ್ ಹಾಕಿದರೆ ಮಾತ್ರ ಸೀಲ್ ಪೂರ್ತಿಯಾಗುತ್ತದೆ, ಕೈಪಿಡಿ ನೋಡಿ. ಲಕ್ಷದ ಲೆನ್ಸಿಗೆ ಇನ್ನೂರು ರೂಪಾಯಿಯ ಫಿಲ್ಟರ್ ಮಾತ್ರ ಬೇಡ, ಲೇಪನಕ್ಕೆ ಕೊಟ್ಟ ದುಡ್ಡೆಲ್ಲ ಆ ಗಾಜಿನಲ್ಲೇ ಹೋಗುತ್ತದೆ.

ಪ್ರಶ್ನೆ: ಕಬಿನಿಯಲ್ಲಿ 600 ಎಂಎಂ ಎಫ್/4 ಹಿಡಿದವರನ್ನು ನೋಡಿದೆ. ನನ್ನ 150-600 ಸಾಲದೇ? (ಮೈಸೂರಿನಿಂದ)

ಉತ್ತರ: ಹಗಲಿಗೆ ಧಾರಾಳವಾಗಿ ಸಾಕು. 600ನ್ನು 4ರಿಂದ ಭಾಗಿಸಿದರೆ 150 ಎಂಎಂ, ಹತ್ತಿರ ಹತ್ತಿರ ಆರು ಇಂಚು. ಅಷ್ಟಗಲದ, ದೋಷವಿಲ್ಲದ ಗಾಜು ಮಾಡುವುದೇ ದೊಡ್ಡ ಖರ್ಚು. ನಿಮ್ಮದರಲ್ಲಿ ಎಫ್/6.3ಕ್ಕೆ 95 ಎಂಎಂ. ಉದ್ದದ ಲೆನ್ಸ್‌ಗಳಲ್ಲಿ ಬಣ್ಣಗಳು ಬೇರೆ ಬೇರೆ ಕಡೆ ಸೇರುವ ದೋಷ ಹೆಚ್ಚು. ಅದಕ್ಕೆ ಬಣ್ಣವನ್ನು ಕಡಿಮೆ ಚದುರಿಸುವ ವಿಶೇಷ ಗಾಜು ಅಥವಾ ಫ್ಲೋರೈಟ್ ಬೇಕು. ಕ್ಯಾನನ್ 1969ರಲ್ಲಿ ಕೃತಕ ಫ್ಲೋರೈಟ್ ಹರಳನ್ನು 300 ಎಂಎಂ ಲೆನ್ಸಿಗೆ ಹಾಕಿತು. ಈ ಹರಳು ಬಿಸಿಗೆ ಹಿಗ್ಗುತ್ತದೆ, ಅದರ ದೊಡ್ಡ ಲೆನ್ಸ್‌ಗಳಿಗೆ ಬಿಳಿ ಬಣ್ಣ ಬಂದದ್ದು ಬಿಸಿಲಿನ ಕಾವು ತಗ್ಗಿಸಲು. ಎಫ್/4ರ ಲಾಭ ಎರಡೂವರೆ ಪಟ್ಟು ಬೆಳಕು. ಸಂಜೆ ಆರರ ನಂತರ ಮರದ ಮೇಲೆ ಮಲಗಿದ ಚಿರತೆಗೆ ಅದು ಲಾಭವೇ. ಬೆಳಗಿನ ಎಂಟಕ್ಕೆ ಆನೆಗಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಏನು ನೋಡಬೇಕು? (ಹುಬ್ಬಳ್ಳಿಯಿಂದ)

ಉತ್ತರ: ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಒಂದೆರಡು ದೂಳಿನ ಕಣಕ್ಕೆ ಹೆದರಬೇಡಿ, ನಾರಿನಂತೆ ಕವಲೊಡೆದ ಗೆರೆಗೆ ಹೆದರಿ. ಮುಂದಿನ ಗಾಜಿನ ಸಣ್ಣ ಗೀರಿಗಿಂತ ಹಿಂದಿನ ಗಾಜಿನದು ಕೆಟ್ಟದ್ದು. ಅಪರ್ಚರ್ ಎಲೆಗಳಲ್ಲಿ (ಬೆಳಕಿನ ಕಿಂಡಿಯನ್ನು ಕಿರಿದು ಮಾಡುವ ತೆಳು ತಗಡುಗಳು) ಎಣ್ಣೆ ಹೊಳೆದರೆ ಬಿಟ್ಟುಬಿಡಿ. ಅವು ತಡವಾಗಿ ಮುಚ್ಚುತ್ತವೆ, ಎಫ್/11ರ ಚಿತ್ರ ಬೆಳ್ಳಗೆ ಬರುತ್ತದೆ. ಮೌಂಟಿನ ಸ್ಕ್ರೂ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಕೊನೆಗೆ ಗೋಡೆಗೆ ದಿನಪತ್ರಿಕೆಯ ಹಾಳೆಗಳನ್ನು ಫ್ರೇಮ್ ತುಂಬುವಷ್ಟು ಅಂಟಿಸಿ, ಟ್ರೈಪಾಡ್ ಮೇಲೆ ನೇರ ಇಟ್ಟು, 2 ಸೆಕೆಂಡ್ ಟೈಮರ್ ಹಾಕಿ ಪೂರ್ತಿ ತೆರೆದು ಒಂದು, ಎಫ್/5.6ಕ್ಕೆ ಒಂದು ತೆಗೆಯಿರಿ. ನಾಲ್ಕು ಮೂಲೆಯೂ ಒಂದೇ ಸಮ ಮಸುಕಾಗಿದ್ದರೆ ಅದು ಲೆನ್ಸಿನ ಗುಣ. ಒಂದೇ ಮೂಲೆ ಮಸುಕಾಗಿದ್ದರೆ ಮೊದಲು ಕ್ಯಾಮೆರಾ ಓರೆಯಾಗಿದೆಯೇ ನೋಡಿ. ಲೆನ್ಸನ್ನು ಬಿಚ್ಚದೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಮತ್ತೆ ತೆಗೆಯಿರಿ. ಮಸುಕು ಫ್ರೇಮಿನ ಅದೇ ಮೂಲೆಯಲ್ಲೇ ಉಳಿದರೆ ಒಳಗಿನ ಗಾಜು ವಾಲಿದೆ.

ಪ್ರಶ್ನೆ: ಕುದುರೆಮುಖದ ಬೆಟ್ಟಸಾಲನ್ನು ಟ್ರೈಪಾಡ್ ಮೇಲಿಟ್ಟು ಎಫ್/8ರಲ್ಲಿ ತೆಗೆಯುತ್ತೇನೆ. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ ಬದಲಿಸಲೇ? (ಕಾರ್ಕಳದಿಂದ)

ಉತ್ತರ: ಬೇಡ. ಮೊದಲೇ ಹೇಳಿದಂತೆ ಎಫ್/5.6 ದಾಟಿದ ಮೇಲೆ ಅಂತರ ಕಾಣುವುದು ಕಷ್ಟ. ಮನಸ್ಸು ರಾತ್ರಿಯ ಆಕಾಶದ ಕಡೆ ಹೊರಳಿದ ದಿನ ಯೋಚಿಸಿ. ಅಗ್ಗದ ವೈಡ್ ಲೆನ್ಸನ್ನು ಪೂರ್ತಿ ತೆರೆದಾಗ ಮೂಲೆಯ ನಕ್ಷತ್ರಗಳು ಚುಕ್ಕಿಯಾಗಿ ನಿಲ್ಲದೆ ರೆಕ್ಕೆ ಬಿಚ್ಚಿದ ಹಕ್ಕಿಗಳಂತೆ ಕಾಣುತ್ತವೆ. ಎಫ್/4ಕ್ಕೆ ಇಳಿಸಿದರೆ ರೆಕ್ಕೆ ಮಡಚಿಕೊಳ್ಳುತ್ತದೆ, ಆದರೆ ಕ್ಷೀರಪಥವೂ ಮಬ್ಬಾಗುತ್ತದೆ.