ಸಣ್ಣ ತಂಡಗಳ ಆಟ ಹೆಚ್ಚು ಮಜವೋ, ಕೋಟಿಗಟ್ಟಲೆ ಸುರಿದ ಆಟವೋ?

ನಾಲ್ಕು ಸಾವಿರ ರೂಪಾಯಿ ಕೊಟ್ಟು ಕೊಂಡ ದೊಡ್ಡ ವಿಡಿಯೋ ಗೇಮ್ ಒಂದು ಹತ್ತು ಗಂಟೆಗೇ ಬೇಸರ ತರಿಸಿತೆಂದು ಬರೆದಿದ್ದೀರಿ. ‘ಇಂಡೀ ಆಟ ಆಡು, ನಿಜವಾದ ಮಜಾ ಅಲ್ಲಿದೆ’ (ಇಂಡೀ ಎಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ತಂಡಗಳು ಮಾಡುವ ಆಟ) ಎಂದು ನಿಮ್ಮ ಗೆಳೆಯರು ಹೇಳುವ ಮಾತು ನಿಜವೋ, ಅಥವಾ ಬಲ್ಲವರೆನಿಸಿಕೊಳ್ಳಲು ಆಡುವ ಮಾತೋ ಎಂಬುದು ನಿಮ್ಮ ಪ್ರಶ್ನೆ. ಇಪ್ಪತ್ತು ವರ್ಷಗಳಿಂದ ಎರಡೂ ಬಗೆಯ ವಿಡಿಯೋ ಗೇಮ್‌ಗಳನ್ನು ಆಡುತ್ತ ಬಂದಿರುವ ನನಗೆ ಅನ್ನಿಸಿದ್ದು ಇಷ್ಟು: ದುಡ್ಡಿದ್ದರೆ ಒಂದು ಲೋಕವನ್ನೇ ಕಟ್ಟಬಹುದು, ಆದರೆ ಆಟವನ್ನು ಆಟವಾಗಿಸುವುದು ಅದರ ನಿಯಮ. ಆ ನಿಯಮವನ್ನು ತಿದ್ದಿ ತೀಡಿ ಹದಕ್ಕೆ ತರುವುದಕ್ಕೆ ಬೇಕಾದದ್ದು ದುಡ್ಡಿಗಿಂತ ವ್ಯವಧಾನ. ಅಂಥ ವ್ಯವಧಾನ ಈಗ ಸಣ್ಣ ತಂಡಗಳಲ್ಲೇ ಹೆಚ್ಚಾಗಿ ಕಾಣುತ್ತಿದೆ.

‘ಸೆಲೆಸ್ಟ್’ ಎಂಬ ಆಟವನ್ನೇ ನೋಡಿ. ಮ್ಯಾಡಿ ಥಾರ್ಸನ್ ಮತ್ತು ನೋಯಲ್ ಬೆರಿ ಎಂಬಿಬ್ಬರು 2015ರಲ್ಲಿ ನಾಲ್ಕೇ ದಿನಗಳಲ್ಲಿ ಮಾಡಿದ್ದ ಪುಟ್ಟ ಆಟ ಬೆಳೆದು, 2018ರ ಜನವರಿಯಲ್ಲಿ ಪೂರ್ಣರೂಪದಲ್ಲಿ ಹೊರಬಂತು. ಮ್ಯಾಡೆಲಿನ್ ಎಂಬ ಹುಡುಗಿ ಬೆಟ್ಟ ಹತ್ತುತ್ತಾಳೆ. ನೆಗೆಯುವುದು, ಗಾಳಿಯಲ್ಲಿದ್ದಾಗ ಒಮ್ಮೆ ಮುನ್ನುಗ್ಗುವುದು, ಗೋಡೆಗೆ ಅಂಟಿಕೊಳ್ಳುವುದು, ಆಡುವವರ ಕೈಯಲ್ಲಿರುವುದು ಇಷ್ಟೇ. ತೀರಾ ಕಷ್ಟದ ಆಟ. ಇದರಲ್ಲಿ ಒಂದೊಂದು ಪರದೆಯೂ ದಾಟಬೇಕಾದ ಒಂದು ಹಂತ, ಕೆಲವು ಪರದೆಗಳಲ್ಲಿ ನಾನು ಐವತ್ತು ಅರವತ್ತು ಸಲ ಸತ್ತದ್ದುಂಟು. ಆದರೂ ಆಟ ನನಗೆ ಅನ್ಯಾಯ ಮಾಡಿತೆಂದು ಒಂದು ಸಲವೂ ಅನ್ನಿಸಲಿಲ್ಲ. ಕಾರಣ ಗೊತ್ತಾದದ್ದು ಬಹಳ ದಿನಗಳ ಮೇಲೆ. ಬಂಡೆಯ ಅಂಚು ದಾಟಿ ಕಾಲ ಕೆಳಗೆ ನೆಲವೇ ಇಲ್ಲದಂತಾದ ಮೇಲೂ, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು, ನೀವು ಒತ್ತಿದ ಗುಂಡಿಯನ್ನು ಆಟ ಮನ್ನಿಸಿ ಹುಡುಗಿಯನ್ನು ನೆಗೆಸುತ್ತದೆ. ನೆಲ ಮುಟ್ಟುವುದಕ್ಕಿಂತ ತುಸು ಮೊದಲೇ ಅವಸರಪಟ್ಟು ಒತ್ತಿದರೆ ಅದನ್ನು ನೆನಪಿಟ್ಟುಕೊಂಡು, ಕಾಲು ನೆಲಕ್ಕೆ ತಾಗಿದ ಕೂಡಲೇ ನೆಗೆಸುತ್ತದೆ. ಮೇಲಿನ ಬಂಡೆಯ ಮೂಲೆಗೆ ತಲೆ ಬಡಿಯುವಂತಿದ್ದರೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತದೆ. ಇವು ಯಾವುವೂ ಕಣ್ಣಿಗೆ ಬೀಳುವುದಿಲ್ಲ, ‘ನಾನು ಒತ್ತಿದ್ದೆನಲ್ಲ!’ ಎಂದು ರೇಗುವ ಸಂದರ್ಭವೇ ಬರುವುದಿಲ್ಲ, ಅಷ್ಟೇ. ಇಂಥ ಔದಾರ್ಯವನ್ನು ಈ ತಂಡವೇ ಮೊದಲು ಕಂಡುಹಿಡಿಯಿತೆಂದು ನಾನು ಹೇಳುತ್ತಿಲ್ಲ, ಹಳೆಯ ನೆಗೆತದ ಆಟಗಳಲ್ಲೂ ಅದು ಇತ್ತು. ಆದರೆ ಏಳುನೂರಕ್ಕೂ ಹೆಚ್ಚು ಪರದೆಗಳ ಒಂದು ಇಡೀ ಆಟವನ್ನು ಒಂದೇ ನೆಗೆತದ ಸುತ್ತ ನೇಯಬೇಕಾದರೆ, ಆ ನೆಗೆತದ ಮೇಲೆ ತಿಂಗಳುಗಟ್ಟಲೆ ಕಣ್ಣಿಟ್ಟು ಕೂರುವ ಮನುಷ್ಯರು ಬೇಕು.

ಇನ್ನು ಮಜಾ ಎಂದರೆ ನಗುವುದು, ಗೆಲ್ಲುವುದು ಎಂದು ಮಾತ್ರ ತಿಳಿಯಬೇಕಾಗಿಲ್ಲ. ಲೂಕಸ್ ಪೋಪ್ ಒಬ್ಬರೇ ಮಾಡಿ 2013ರಲ್ಲಿ ಬಿಡುಗಡೆ ಮಾಡಿದ ‘ಪೇಪರ್ಸ್, ಪ್ಲೀಸ್’ ಎಂಬ ಆಟದಲ್ಲಿ ನೀವು ಒಂದು ಕಲ್ಪಿತ ಸರ್ವಾಧಿಕಾರಿ ದೇಶದ ಗಡಿಯಲ್ಲಿ ಕುಳಿತ ಗುಮಾಸ್ತ. ಬಂದವರ ಪಾಸ್‌ಪೋರ್ಟ್ ನೋಡುವುದು, ಹೆಸರು, ದಿನಾಂಕ, ಫೋಟೋ ತಾಳೆ ಹಾಕುವುದು, ಹಸಿರು ಅಥವಾ ಕೆಂಪು ಮುದ್ರೆ ಒತ್ತುವುದು, ಇದೇ ಕೆಲಸ. ಒಬ್ಬೊಬ್ಬರನ್ನು ಸರಿಯಾಗಿ ಪರೀಕ್ಷಿಸಿದರೆ ಐದು ನಾಣ್ಯ ಸಿಗುತ್ತದೆ. ಸಂಜೆ ಮನೆ ಬಾಡಿಗೆ, ಊಟ, ಚಳಿ ಕಾಯಿಸುವ ಖರ್ಚು ಎಲ್ಲವೂ ಅದರಲ್ಲೇ ಆಗಬೇಕು. ಒಂದು ದಿನ ಗಂಡನೊಬ್ಬ ಸರಿಯಾದ ಕಾಗದಗಳೊಂದಿಗೆ ದಾಟುತ್ತಾನೆ, ‘ನನ್ನ ಹಿಂದೆ ನನ್ನ ಹೆಂಡತಿ ಇದ್ದಾಳೆ, ದಯವಿಟ್ಟು ಬಿಡಿ’ ಎನ್ನುತ್ತಾನೆ. ಅವಳ ಬಳಿ ಒಂದು ಕಾಗದ ಕಡಿಮೆ. ದಿನಕ್ಕೆ ಎರಡು ತಪ್ಪುಗಳಿಗೆ ಎಚ್ಚರಿಕೆ ಮಾತ್ರ, ಮೂರನೆಯದರಿಂದ ದಂಡ. ಆ ಹೊತ್ತಿಗೆ ನನ್ನ ಎರಡೂ ತಪ್ಪು ಮುಗಿದಿದ್ದವು. ಕೈಯಲ್ಲಿ ಮುದ್ರೆ ಹಿಡಿದು, ಮನೆಯಲ್ಲಿ ಕಾಯಿಲೆ ಬಿದ್ದಿರುವ ಮಗನ ಔಷಧದ ಲೆಕ್ಕ ಹಾಕುತ್ತ ನಾನು ಕುಳಿತಿದ್ದೆ. ಗೋಡೆಯ ಗಡಿಯಾರ ಓಡುತ್ತಿತ್ತು. ಒರಟಾದ ಕೆಲವು ಚಿತ್ರಗಳು ಮತ್ತು ಒಂದು ದಂಡದ ನಿಯಮ ಸೇರಿ ಒಬ್ಬ ಮನುಷ್ಯನನ್ನು ಇಷ್ಟು ಇಕ್ಕಟ್ಟಿಗೆ ಸಿಲುಕಿಸಬಲ್ಲವು ಎಂಬುದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ.

ದೊಡ್ಡ ಕಂಪನಿಗಳು ಇಂಥದನ್ನು ಯಾಕೆ ಮಾಡುವುದಿಲ್ಲ? ಅಲ್ಲಿರುವವರಿಗೆ ಪ್ರತಿಭೆ ಕಡಿಮೆ ಎಂಬುದು ಶುದ್ಧ ತಪ್ಪು. ಕಾರಣ ಲೆಕ್ಕದ ಪುಸ್ತಕದಲ್ಲಿದೆ. 2023ರಲ್ಲಿ ಅಮೆರಿಕದ ಒಂದು ನ್ಯಾಯಾಲಯಕ್ಕೆ ಸಲ್ಲಿಕೆಯಾದ ದಾಖಲೆಗಳಿಂದ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಆಟಕ್ಕೆ ಸುಮಾರು 22 ಕೋಟಿ ಡಾಲರ್ ಖರ್ಚಾಗಿತ್ತೆಂದು ಹೊರಬಿತ್ತು. ಅಷ್ಟು ಹಣ ಹಾಕಿದವರು ಲಕ್ಷಾಂತರ ಜನರಲ್ಲಿ ಯಾರಿಗೂ ಬೇಡವೆನಿಸದ ವಸ್ತುವನ್ನೇ ಮಾಡಬೇಕಾಗುತ್ತದೆ. ಆದ್ದರಿಂದಲೇ ವಿಶಾಲವಾದ ನಕ್ಷೆ, ನಕ್ಷೆಯ ತುಂಬ ಚಿಹ್ನೆಗಳು, ಗಿಡಮೂಲಿಕೆ ಆರಿಸುವುದು, ಆಯುಧ ತಿದ್ದುವುದು, ಇವೆಲ್ಲ ಒಂದು ಆಟದಿಂದ ಇನ್ನೊಂದಕ್ಕೆ ಹಾಗೆಯೇ ದಾಟಿ ಬರುತ್ತವೆ. ನಿಮಗೆ ಹತ್ತು ಗಂಟೆಗೆ ಬಂದ ಬೇಸರದ ಮೂಲ ಇದೇ ಇರಬಹುದು. ಹೀಗೆ ಎಚ್ಚರ ವಹಿಸಿದರೂ ಗೆಲುವು ಖಚಿತವಲ್ಲ: ಸೋನಿ ಕಂಪನಿಯ ‘ಕಾನ್‌ಕಾರ್ಡ್’ ಆಟ 2024ರ ಆಗಸ್ಟ್ 23ರಂದು ಬಂದು, ಸೆಪ್ಟೆಂಬರ್ 6ರಂದು ಮುಚ್ಚಿಹೋಯಿತು.

ಇಷ್ಟು ಹೇಳಿದ ಮೇಲೆ ದೊಡ್ಡ ಆಟಗಳ ಪರವಾಗಿಯೂ ಮಾತಾಡದಿದ್ದರೆ ನಾನು ಪ್ರಾಮಾಣಿಕನಾಗುವುದಿಲ್ಲ. 2018ರ ‘ರೆಡ್ ಡೆಡ್ ರಿಡೆಂಪ್ಶನ್ 2’ ನನಗೆ ಕೊಟ್ಟದ್ದನ್ನು ಯಾವ ಸಣ್ಣ ಆಟವೂ ಕೊಟ್ಟಿಲ್ಲ. ಕಥೆ ನಡೆಯುವುದು 1899ರ ಅಮೆರಿಕದಲ್ಲಿ. ಮಳೆ ಬಿದ್ದರೆ ದಾರಿ ಕೆಸರಾಗುತ್ತದೆ, ಕುದುರೆ ನಡೆದಲ್ಲಿ ಗೊರಸಿನ ಗುರುತು ಉಳಿಯುತ್ತದೆ. ನಾಯಕ ಆರ್ಥರ್ ಮಾರ್ಗನ್‌ನ ಗಡ್ಡ ದಿನ ಕಳೆದಂತೆ ಬೆಳೆಯುತ್ತದೆ. ಎಷ್ಟೋ ರಾತ್ರಿ ಯಾವ ಕೆಲಸವನ್ನೂ ಹಚ್ಚಿಕೊಳ್ಳದೆ, ಬೆಟ್ಟದ ಅಂಚಿನಲ್ಲಿ ಕುದುರೆ ನಿಲ್ಲಿಸಿ, ಮಂಜು ಕಣಿವೆಗೆ ಇಳಿಯುವುದನ್ನು ನೋಡುತ್ತ ಕುಳಿತಿದ್ದೇನೆ. ಆ ಲೋಕದ ಹಿಂದೆ ಹಲವು ದೇಶಗಳ ಸಾವಿರಾರು ಕೈಗಳಿವೆ, ಅವುಗಳಲ್ಲಿ ಆಟವನ್ನು ಮಾಡಿದ ರಾಕ್‌ಸ್ಟಾರ್ ಕಂಪನಿಯ ಬೆಂಗಳೂರು ಶಾಖೆಯಾದ ರಾಕ್‌ಸ್ಟಾರ್ ಇಂಡಿಯಾದವರ ಕೈಗಳೂ ಸೇರಿವೆ ಎಂಬುದು ನನಗೆ ಹೆಮ್ಮೆಯ ಸಂಗತಿ. ಆದರೆ ಅದೇ ಆಟದಲ್ಲಿ ಕಥೆಯ ಭಾಗ ಶುರುವಾದ ಮೇಲೆ, ಹೇಳಿದ ದಾರಿ ಬಿಟ್ಟು ಪಕ್ಕದಿಂದ ಸುತ್ತಿಕೊಂಡು ಹೋಗೋಣವೆಂದರೆ ‘ವಿಫಲ’ ಎಂಬ ಅಕ್ಷರಗಳು ತೆರೆಯ ಮೇಲೆ ಬರುತ್ತವೆ. ಅಷ್ಟು ದೊಡ್ಡ ಬಯಲನ್ನು ಕೊಟ್ಟು ಕಾಲಿಗೆ ಹಗ್ಗ ಕಟ್ಟಿದಂತೆ. ಅಲ್ಲಿ ನಾನು ಬಾಳಿದೆ, ನೋಡಿದೆ, ಕೊನೆಯಲ್ಲಿ ಕಣ್ಣೀರನ್ನೂ ಹಾಕಿದೆ. ಆದರೆ ಆಡಿದ್ದು ಕಡಿಮೆ.

ಮನೆಯಲ್ಲಿ ಕಂಡ ಒಂದು ಸಂಗತಿಯನ್ನೂ ಹೇಳಬೇಕು. ನನ್ನ ಅಕ್ಕ ಶಾಲಾ ಶಿಕ್ಷಕಿ, ಅಲ್ಲಿಯವರೆಗೆ ವಿಡಿಯೋ ಗೇಮ್ ಮುಟ್ಟಿದವಳಲ್ಲ. ಮೊದಲು ಅವಳಿಗೆ ಒಂದು ದೊಡ್ಡ ಆಟ ಕೊಟ್ಟೆ. ಎಡ ಹೆಬ್ಬೆರಳಿನಲ್ಲಿ ನಡೆಯಬೇಕು, ಬಲ ಹೆಬ್ಬೆರಳಿನಲ್ಲಿ ನೋಟ ತಿರುಗಿಸಬೇಕು. ಅವಳು ಒಮ್ಮೆ ಆಕಾಶ ನೋಡಿದಳು, ಒಮ್ಮೆ ಗೋಡೆಗೆ ಮುಖ ಮಾಡಿ ನಿಂತಳು, ಕಾಲು ಗಂಟೆಯಲ್ಲಿ ‘ನನ್ ಕೈಲಾಗಲ್ಲಪ್ಪ’ ಎಂದು ಕಂಟ್ರೋಲರ್ ಹಿಂದೆ ಕೊಟ್ಟಳು. ಇಂಥ ಆಟಗಳು ಎಲ್ಲರಿಗಾಗಿ ಎಂದು ಹೇಳಿಕೊಂಡರೂ, ಹತ್ತು ವರ್ಷ ಆಡಿ ಪಳಗಿದ ಹೆಬ್ಬೆರಳುಗಳನ್ನು ಮೊದಲೇ ನಿರೀಕ್ಷಿಸುತ್ತವೆ ಎಂಬುದು ನನಗೆ ಆಗ ಹೊಳೆಯಿತು. ಆಮೇಲೆ ‘ಸ್ಟಾರ್‌ಡ್ಯೂ ವ್ಯಾಲಿ’ ಕೊಟ್ಟೆ. ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ ನಾಲ್ಕೂವರೆ ವರ್ಷ ಕೂತು, ಚಿತ್ರ, ಸಂಗೀತ, ಮಾತು, ಪ್ರೋಗ್ರಾಮ್ ಎಲ್ಲವನ್ನೂ ತಾನೇ ಮಾಡಿ 2016ರಲ್ಲಿ ಬಿಟ್ಟ ಬೇಸಾಯದ ಆಟ ಅದು. ಹಾಳುಬಿದ್ದ ಹೊಲ, ಹದಿನೈದು ಬೀಜ, ನೀರಿನ ಕ್ಯಾನಿನಂಥ ಕೆಲವು ಸಲಕರಣೆ, ಇಷ್ಟರಿಂದ ಶುರು. ಅಲ್ಲಿನ ಒಂದು ದಿನ ನಮ್ಮ ಸುಮಾರು ಹದಿನಾಲ್ಕು ನಿಮಿಷ. ಆಟದೊಳಗೆ ಮಲಗಿದರೆ ಮಾತ್ರ ಅಲ್ಲಿಯವರೆಗೆ ಆಡಿದ್ದು ದಾಖಲಾಗಿ ಉಳಿಯುತ್ತದೆ, ಆದರೆ ಮಲಗಿ ಎದ್ದ ಕೂಡಲೇ ಏನೋ ಒಂದು ಮೊಳೆತಿರುತ್ತದೆ, ಇಲ್ಲವೇ ಕೋಳಿ ಮೊಟ್ಟೆ ಇಟ್ಟಿರುತ್ತದೆ, ಅದನ್ನು ನೋಡದೆ ಏಳಲಾಗುವುದಿಲ್ಲ. ‘ಇದೊಂದು ದಿನ ಮುಗಿಸ್ತೀನಿ’ ಎನ್ನುತ್ತಲೇ ಅಕ್ಕ ರಾತ್ರಿ ಹನ್ನೆರಡು ದಾಟಿಸಿದಳು. ಆಟ ನಿಲ್ಲಿಸಬೇಕಾದ ಜಾಗವೂ ಮುಂದುವರಿಸುವ ಆಸೆ ಹುಟ್ಟುವ ಜಾಗವೂ ಒಂದೇ ಆಗುವಂತೆ ಮಾಡಿರುವುದು ಎಷ್ಟು ಸರಳ, ಎಷ್ಟು ಚತುರ!

ಆದರೂ ನಿಮ್ಮ ಗೆಳೆಯರ ಮಾತಿನಲ್ಲಿ ಒಂದು ದೋಷವಿದೆ. ನಾನು ಮೇಲೆ ಹೆಸರಿಸಿದವೆಲ್ಲ ಸಣ್ಣ ಆಟಗಳ ರಾಶಿಯಲ್ಲಿ ಆರಿಸಿ ತೆಗೆದ ಮುತ್ತುಗಳು. 2024ರ ಒಂದೇ ವರ್ಷದಲ್ಲಿ ಪಿಸಿ ಆಟಗಳನ್ನು ಅಂತರ್ಜಾಲದಲ್ಲಿ ಮಾರುವ ಸ್ಟೀಮ್ ಅಂಗಡಿಗೆ 18 ಸಾವಿರಕ್ಕೂ ಹೆಚ್ಚು ಆಟಗಳು ಬಂದವು. ಅವುಗಳಲ್ಲಿ ಬಹುಪಾಲು ಸಣ್ಣ ತಂಡಗಳವು, ಹೆಚ್ಚಿನವು ಬಹಳ ಜನರ ಕಣ್ಣಿಗೇ ಬೀಳಲಿಲ್ಲ. ಮುತ್ತುಗಳನ್ನು ಇಟ್ಟುಕೊಂಡು ದೊಡ್ಡ ಕಂಪನಿಗಳ ಸಾಧಾರಣ ಸರಕಿನೊಂದಿಗೆ ತೂಗಿದರೆ ತಕ್ಕಡಿ ವಾಲಿಯೇ ವಾಲುತ್ತದೆ. ದೊಡ್ಡವರಲ್ಲೂ ನಿಯಮವನ್ನು ಮೊದಲಿಟ್ಟವರು ಇದ್ದಾರೆ: ನಿಂಟೆಂಡೋದವರು ‘ಬ್ರೆತ್ ಆಫ್ ದ ವೈಲ್ಡ್’ ಮಾಡುವಾಗ, ಬೆಂಕಿ ಮರಕ್ಕೆ ತಾಗಿದರೆ ಏನಾಗಬೇಕು ಎಂಬಂಥ ಸಂಬಂಧಗಳನ್ನು ಮೊದಲು ಹಳೆಯ ಕಾಲದ ಚಪ್ಪಟೆ ಚಿತ್ರಗಳ ಪುಟ್ಟ ಮಾದರಿಯಲ್ಲಿ ಆಡಿ ನೋಡಿದ್ದರು. 2017ರಲ್ಲಿ ಬಂದ ಆ ಆಟದಲ್ಲಿ ಆ ಯೋಚನೆಯ ಫಲ ಎದ್ದು ಕಾಣುತ್ತದೆ. ‘ಇಂಡೀ’ ಎಂಬ ಹೆಸರೂ ಈಗ ಗಟ್ಟಿಯಾಗಿ ಉಳಿದಿಲ್ಲ. ನೂರಾರು ಜನ ದುಡಿದ ‘ಬಾಲ್ಡರ್ಸ್ ಗೇಟ್ 3’ ಆಟವನ್ನು ಮಾಡಿದ ಲೇರಿಯನ್ ಕಂಪನಿ ಅದನ್ನು ಯಾವ ಪ್ರಕಾಶಕರ (ಆಟವನ್ನು ಹೊರತಂದು ಮಾರುವ ಕಂಪನಿಗಳ) ಹಂಗೂ ಇಲ್ಲದೆ ತಾನೇ ಹೊರತಂದಿತು. ಇಂಡೀ ಪ್ರಶಸ್ತಿಗೆ ನಾಮನಿರ್ದೇಶನಗೊಂಡ ‘ಡೇವ್ ದ ಡೈವರ್’ ಹಿಂದೆ ನೆಕ್ಸಾನ್‌ನಂಥ ದೊಡ್ಡ ಕಂಪನಿಯೇ ಇತ್ತು.

ಹಾಗಾಗಿ ನಾಲ್ಕು ಸಾವಿರ ಮತ್ತೊಮ್ಮೆ ಕೊಡುವ ಮೊದಲು ಇದನ್ನು ಮಾಡಿ. ಪಿಸಿಯಲ್ಲಿ ಆಡುವವರಾದರೆ, ಸ್ಟೀಮ್‌ನಲ್ಲಿ ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಬಹುದು. ‘ಸೆಲೆಸ್ಟ್’ ಅಥವಾ ‘ಪೇಪರ್ಸ್, ಪ್ಲೀಸ್’ ಕೊಂಡು ನೋಡಿ. ಅದು ನಿಮಗೆ ಹಿಡಿಸುತ್ತದೋ ಇಲ್ಲವೋ ಎಂಬುದು ಇಪ್ಪತ್ತು ನಿಮಿಷದಲ್ಲೇ ತಿಳಿಯುತ್ತದೆ, ಏಕೆಂದರೆ ಅದರ ತಿರುಳು ಮೊದಲ ಪರದೆಯಲ್ಲೇ ಇದೆ. ‘ರೆಡ್ ಡೆಡ್’ನಂಥದಕ್ಕೆ ಈ ಉಪಾಯ ನಡೆಯುವುದಿಲ್ಲ. ಅದರ ಮೊದಲ ಅಧ್ಯಾಯದ ಹಿಮಬೆಟ್ಟದಿಂದ ಆರ್ಥರ್ ಕೆಳಗಿಳಿದು ಹಸಿರು ಕಾಣುವ ಹೊತ್ತಿಗೆ ಆ ಎರಡು ಗಂಟೆ ಮುಗಿದುಹೋಗಿರುತ್ತದೆ.